ಆರ್‌.ಸಿ. ಬುಕ್ಕಿನಲ್ಲಿ ಬೋಲ್ಟಿಗೆ ಜಾಗವಿಲ್ಲ

ಪಿಸ್ಟನ್ ಹೊಸದು ಹಾಕೋಣ ಅಂದರು ಮೇಸ್ತ್ರಿ. ಹಾಕಿ ಅಂದೆ. ರಿಂಗು, ಬೇರಿಂಗು, ಆಯಿಲ್ ಸೀಲು, ಗ್ಯಾಸ್ಕೆಟ್ಟು ಯಾವುದಕ್ಕೂ ನನ್ನ ತಕರಾರಿಲ್ಲ. ಸಾವಿರಗಟ್ಟಲೆ ಕೈಬಿಟ್ಟುಹೋಗುವಾಗ ಮಿಸುಕದವನು, "ಬೋಲ್ಟೂ ಬದಲಾಯಿಸಿಬಿಡೋಣ ಸಾರ್" ಅಂದಕೂಡಲೇ ಡಬ್ಬಿ ಸಮೇತ ಎತ್ತಿಕೊಂಡು ಮನೆಗೆ ಬಂದೆ.

ಗಾಡಿ ಯೆಜ್ಡಿ ಬೈಕು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿರುವ ಆ ಪ್ರಾಣಿಯ ಪರಿಚಯ ಮಾಡಿಕೊಡಬೇಕಾದ ಓದುಗರು ಈ ರಾಜ್ಯದಲ್ಲಿ ಕಡಿಮೆ.

ಈಗಿನ ಅನೇಕ ಕಾರುಗಳ ಹೆಡ್ ಬೋಲ್ಟಿನಲ್ಲಿ ಹಳೆಯದನ್ನೇ ಹಾಕಬೇಕೋ ಎಸೆಯಬೇಕೋ ಎಂಬ ತೊಳಲಾಟವೇ ಇಲ್ಲ. ಇಷ್ಟು ಬಿಗಿದು, ಮೇಲೆ 90 ಡಿಗ್ರಿ ತಿರುಗಿಸು ಎಂಬಂಥ ಲೆಕ್ಕ ಅದು. ಬೋಲ್ಟು ಮತ್ತೆ ಹಿಂದಕ್ಕೆ ಬಾರದಷ್ಟು ಹಿಗ್ಗಿಬಿಡುತ್ತದೆ, ಬಿಚ್ಚಿದರೆ ಎಸೆಯಲೇಬೇಕು. ನನ್ನ ಯೆಜ್ಡಿಯವು ಹಳೇ ಕಾಲದವು. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತವೆ, ಸಡಿಲಿಸಿದರೆ ಸ್ವಸ್ಥಾನಕ್ಕೆ ಮರಳುತ್ತವೆ. ಹಾಗಾಗಿ ಮತ್ತೆ ಹಾಕಬಹುದು. ಈ 'ಬಹುದು' ಇದೆಯಲ್ಲ, ಅದೇ ನನ್ನ ನಿದ್ದೆ ಕೆಡಿಸಿದ್ದು.

ರಾತ್ರಿ ಊಟದ ಟೇಬಲ್ಲಿನ ಗಾಜಿನ ಮೇಲೆ ವಧುಪರೀಕ್ಷೆ ಶುರುವಾಯಿತು. ಸೀಮೆಎಣ್ಣೆಯಲ್ಲಿ ಮಿಂದ ಬೋಲ್ಟುಗಳನ್ನು ಒಂದೊಂದಾಗಿ ಉರುಳಿಸಿದೆ. ನೆಟ್ಟಗಿದ್ದದ್ದು ಸದ್ದಿಲ್ಲದೆ ಉರುಳಿತು. ಬಾಗಿದ್ದು ಟಕ್ ಟಕ್ ಎನ್ನುತ್ತ ನಡೆದು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ಸಾರಿನ ಪಾತ್ರೆಯ ಕಡೆ ತಿರುಗಿತು. ಎರಡನೇ ಸುತ್ತಿನಲ್ಲಿ ಸೊಂಟ ನೋಡಿದೆ: ಜಗ್ಗಿದ ಬೋಲ್ಟು ನಡುವೆ ಸಣ್ಣಗಾಗಿರುತ್ತದೆ. ಮೂರನೆಯದು ನಡತೆ: ಹೊಸ ನಟ್ಟನ್ನು ಬೆರಳಲ್ಲೇ ತಿರುಗಿಸಿದರೆ ಕೊನೆತನಕ ಸಲೀಸಾಗಿ ಹೋಗಬೇಕು. ಒಂದು ಬೋಲ್ಟು ಮೂರರಲ್ಲೂ ಪಾಸಾಯಿತು, ಆದರೆ ತಲೆಯ ಮೂಲೆಗಳು ಸವೆದು ದುಂಡಗಾಗಿದ್ದವು. ತಪ್ಪು ಸೈಜಿನ ಪಾನಾ ಹಾಕಿದ ಯಾವನನ್ನೋ ಬೈದು, ಭೂತಗನ್ನಡಿ ಹಿಡಿದು ಅದರ ಕುಲಗೋತ್ರ ಹುಡುಕತೊಡಗಿದೆ.

"ಏನ್ರೀ ಅದು?"

"ನೆಟ್ಟಗಿದೆಯಾ ಅಂತ ನೋಡ್ತಿದ್ದೀನಿ."

"ಯಾರು, ನೀವಾ?"

ಮರುದಿನ ಬೆಂಗಳೂರಿನ ಜೆ.ಸಿ. ರಸ್ತೆ. ಅಂಗಡಿಯವನು ಕೊಟ್ಟ ಬೋಲ್ಟಿನ ತಲೆ ಬೋಳು. 8.8 ಎಂದು ಕೆತ್ತಿದ್ದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತಕ್ಕೆ ಮೊದಲು ತುಂಡಾಗಕೂಡದು ಎಂದರ್ಥ. ಬೋಳು ತಲೆಗೆ ಯಾವ ಅರ್ಥವೂ ಇಲ್ಲ. ಕೇಳಿದರೆ, "ಎಲ್ಲಾ ಒಂದೇ ಸಾರ್, ಇದು ಸ್ಟ್ರಾಂಗು." ಈ 'ಎಲ್ಲಾ ಒಂದೇ' ಅದ್ವೈತ ನನಗೆ ಮೈಯೆಲ್ಲ ಉರಿಸುತ್ತದೆ. ಪಕ್ಕದವನು ಇನ್ನೂ ಉದಾರಿ, 12.9ರದ್ದನ್ನೇ ತಂದಿಟ್ಟ. ಯೆಜ್ಡಿಯ ಕೇಸು ಅಲ್ಯೂಮಿನಿಯಮ್ಮು. ಅಷ್ಟು ಗಟ್ಟಿ ಬೋಲ್ಟನ್ನು ಅದರ ತಾಕತ್ತಿಗೆ ತಕ್ಕಂತೆ ಬಿಗಿದರೆ ಬೋಲ್ಟು ಉಳಿಯುತ್ತದೆ, ಕೇಸಿನ ಥ್ರೆಡ್ಡು ಕಿತ್ತು ಕೈಗೆ ಬರುತ್ತದೆ.

ಆ ದುಂಡು ತಲೆಯದನ್ನು ಮೈಸೂರಿನ ಯಾದವಗಿರಿಯ ಯೆಜ್ಡಿ ಕಾರ್ಖಾನೆಯಲ್ಲಿ ಯಾರೋ ಬಿಗಿದಿರಬೇಕು. 1996ರಲ್ಲಿ ಅಲ್ಲಿಗೆ ಬೀಗ ಬಿತ್ತು. ಈಗ ಆ ಗಾಡಿಗಳ ತುಕ್ಕಿಗೂ ಬೆಲೆ ಬಂದಿದೆ. ಬಿಗಿದ ಕೈಗಳು ಆಮೇಲೆ ಎಲ್ಲಿ ದುಡಿದವು ಎಂದು ನಮ್ಮಂಥ ಯೆಜ್ಡಿ ಪ್ರೇಮಿಗಳು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ನಾನೂ ವಿಚಾರಿಸಿಲ್ಲ. ಬೋಲ್ಟಿನ ಕುಲಗೋತ್ರ ಮಾತ್ರ ರಾತ್ರಿಯಿಡೀ ಕೇಳಿದ್ದೆ.

ಗ್ಯಾರೇಜಿನಲ್ಲಿ ಮೇಸ್ತ್ರಿಗೆ ವಾದ ಮಂಡಿಸಿದೆ: ಆರ್‌.ಸಿ. ಬುಕ್ಕಿನಲ್ಲಿ ಇಂಜಿನ್ ನಂಬರಿಗೆ ಜಾಗವಿದೆ, ಚಾಸಿ ನಂಬರಿಗಿದೆ, ಬೋಲ್ಟಿಗಿಲ್ಲ. ಎಲ್ಲ ಬದಲಾಯಿಸಿದರೆ ಇದು ಅದೇ ಗಾಡಿ ಎನ್ನಲು ಸಾಕ್ಷಿ ಯಾರು? ಅವರು ಬೀಡಿ ಆರಿಸಿ, ಡಬ್ಬಿ ಮಗುಚಿ, ಕಣ್ಣು ಮಿಟುಕಿಸುವುದರೊಳಗೆ ಎರಡು ಗುಡ್ಡೆ ಮಾಡಿದರು. ಥ್ರೆಡ್ಡು ಸವೆದದ್ದು, ಬಾಗಿದ್ದು, ತಲೆ ದುಂಡಗಾದದ್ದು ಗುಜರಿಗೆ. ಉಳಿದವಕ್ಕೆ ಬ್ರಷ್ಷು, ಒಂದು ತೊಟ್ಟು ಎಣ್ಣೆ. "ತುಕ್ಕಿದ್ರೆ ಪಾನಾ ಸುಳ್ಳು ಹೇಳುತ್ತೆ ಸಾರ್." ನಿಜವೇ, ನಾವು ಹಾಕುವ ಬಲದ 10 ಪಾಲಿನಲ್ಲಿ ಹೆಚ್ಚುಕಡಿಮೆ 9 ಬರೀ ತಿಕ್ಕಾಟಕ್ಕೇ ಹೋಗುತ್ತದೆ, ತುಕ್ಕು ಸೇರಿದರೆ ಉಳಿದ ಒಂದಕ್ಕೂ ಗ್ಯಾರಂಟಿ ಇಲ್ಲ.

"ಆ ಗುಜರಿ ಗುಡ್ಡೆ ನಾನು ತಗೊಂಡು ಹೋಗ್ಲಾ?" ಅಂದೆ.

"ಧಾರಾಳವಾಗಿ ತಗೊಂಡು ಹೋಗಿ. ಮೊನ್ನೆ ಡಬ್ಬಿ ಜೊತೆ ಹೋದ ನನ್ನ ಹದಿನಾಲ್ಕರ ಪಾನಾ ಮಾತ್ರ ತಂದುಕೊಡಿ."