ಟೆಂಟಿಗೆ ಜಾಗ ನೋಡುವುದು

ಪುಣೆಯವರಿಗೆ ಶನಿವಾರ ಸಂಜೆ ಟೆಂಟಿನಲ್ಲಿ ಮಲಗುವ ಆಸೆ ಹುಟ್ಟಿದರೆ ಮೊದಲು ನೆನಪಾಗುವುದು ಪವನಾ ಜಲಾಶಯ. ಲೋಣಾವಳದ ಮಗ್ಗುಲಲ್ಲಿ, ತಿಕೋನಾ, ತುಂಗ, ಲೋಹಗಡ ಕೋಟೆಗಳ ನಡುವೆ ಹರಡಿಕೊಂಡಿರುವ ಆ ನೀರು ವಾರವಿಡೀ ಪಿಂಪ್ರಿ-ಚಿಂಚವಾಡದ ನಲ್ಲಿಗಳಿಗೆ ದುಡಿದು, ವಾರದ ಕೊನೆಗೆ ಫೋಟೊಗಳಿಗೆ ಹಿನ್ನೆಲೆಯಾಗಿ ನಿಲ್ಲುತ್ತದೆ. ದಂಡೆಯುದ್ದಕ್ಕೂ ಟೆಂಟು, ಟೆಂಟಿಗೊಂದು ಸ್ಪೀಕರು. ನಿಸರ್ಗದ ಮೌನ ಅರಸಿ ಬಂದವರು ಪಕ್ಕದ ಟೆಂಟಿನವರ ಇಷ್ಟದ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಮರಳುತ್ತಾರೆ. ಇದನ್ನು ಒಮ್ಮೆ ಅನುಭವಿಸಿದವರು ಮುಂದಿನ ಸಲ ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿ ಭೋರ್ ಕಡೆ ಹೊರಡುತ್ತಾರೆ.

ಭೋರ್ ಕನ್ನಡಿಗರಿಗೆ ತೀರ ದೂರದ ಊರೇನಲ್ಲ. ಅದರ ಪಕ್ಕದಲ್ಲೇ ಅವರು ಎಷ್ಟೋ ಸಲ ಗೊರಕೆ ಹೊಡೆದಿದ್ದಾರೆ. ಬೆಂಗಳೂರಿನಿಂದ ಪುಣೆಗೆ ಹೋಗುವ ರಾತ್ರಿ ಬಸ್ಸು ಬೆಳಗಿನ ಜಾವ ಕಾಪುರಹೋಳ ದಾಟುತ್ತದಲ್ಲ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಭೋರ್ ಸಿಗುತ್ತದೆ. ಪಂತ ಸಚಿವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಸಿನಿಮಾದವರು ಬಂದು ಹೋಗುವ ರಾಜವಾಡೆ, ನೆತ್ತಿಯ ಮೇಲೆ ರೋಹಿಡಾ ಕೋಟೆ, ಶಿವಾಜಿ ಸ್ವರಾಜ್ಯದ ಶಪಥ ಮಾಡಿದನೆಂದು ಜನ ನಂಬುವ ರಾಯರೇಶ್ವರ, ಇವೆಲ್ಲ ಇಲ್ಲಿಯವೇ. ಟೆಂಟಿನವರಿಗೆ ಬೇಕಾದದ್ದು ಮಾತ್ರ ಭಾಟಘರ್ ಜಲಾಶಯದ ಹಿನ್ನೀರು.

ಪುಣೆಯಲ್ಲಿ ನೆಲೆಸಿದ ಧಾರವಾಡ ಕಡೆಯ ಸಂಸಾರವೊಂದು ಇಂಥ ಜಾಗ ಆರಿಸುವುದನ್ನು ನೋಡಬೇಕು. ಯಜಮಾನರು ಮೊಬೈಲಿನಲ್ಲಿ ಫೋಟೊ ಸರಿಸುತ್ತಾರೆ. ಎಲ್ಲ ಜಾಹೀರಾತಿನಲ್ಲೂ ಅದೇ ಹಳದಿ ಟೆಂಟು, ಅದೇ ನೀರು, ಅದೇ ಗಿಟಾರು. ಕೆಲವು ಫೋಟೊದ ಹಿಂದೆ ಹಿಮದ ಬೆಟ್ಟವೂ ಇರುತ್ತದೆ, ಭೋರಿನವರು ಅದನ್ನು ಇನ್ನೂ ಕಂಡಿಲ್ಲ. ಒಂದಕ್ಕೆ ‘ಲೇಕ್ ವ್ಯೂ’ ಎಂಬ ಪಟ್ಟ, ಇನ್ನೊಂದಕ್ಕೆ ‘ಲೇಕ್ ಟಚ್’, ಮೂರನೆಯದಕ್ಕೆ ಧೈರ್ಯವಾಗಿ ‘ಬೀಚ್’. ಮಗಳಿಗೆ ಬೀಚ್ ಬೇಕು, ಹೆಂಡತಿಗೆ ಕದ ಹಾಕಿಕೊಳ್ಳಬಹುದಾದ ಶೌಚಾಲಯ ಬೇಕು. ಅಜ್ಜಿಗೆ ಇದ್ಯಾವುದೂ ಬೇಡ.

“ಸ್ವಂತ ಮನಿ ಐತಿ, ಮಂಚ ಐತಿ. ರೊಕ್ಕ ಕೊಟ್ಟು ನೆಲದ ಮ್ಯಾಲೆ ಮಲಗೂದು ಯಾವ ಶಾಣ್ಯಾತನ ತಮ್ಮಾ?”

ಇದು ದೊಡ್ಡವರು ಹಾಕಿಕೊಟ್ಟ ದಾರಿಯೆಂದು ಮಗ ವಿವರಿಸುತ್ತಾನೆ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿ 1901ರಲ್ಲಿ ಸೈಕಲ್ಲಿನ ಮೇಲೆ ಟೆಂಟು ಹೇರಿಕೊಂಡು ಹೋಗುವವರ ಸಂಘ ಕಟ್ಟಿದ, 1908ರಲ್ಲಿ ಅದಕ್ಕೊಂದು ಕೈಪಿಡಿಯನ್ನೂ ಬರೆದ. ಅಜ್ಜಿ ಎಲ್ಲ ಕೇಳಿ, “ಬಟ್ಟಿ ಹೊಲಿಯಾಂವಗ ಟೆಂಟ್ ಹೊಲಿಯೂದು ಲಾಭದ್ದು ನೋಡು,” ಎಂದು ತೀರ್ಪು ಕೊಡುತ್ತಾರೆ.

ಟೆಂಟಿನ ಮಾಲೀಕನಿಗೆ ಫೋನು ಹೋಗುತ್ತದೆ. ನೀರು ಎಷ್ಟು ದೂರ ಎಂದು ಕೇಳಿದರೆ ಉತ್ತರ ವರ್ಷವಿಡೀ ಒಂದೇ: “ಪಾಣಿ ಜವಳಚ್ ಆಹೇ, ಸರ್.” ನೀರು ಹತ್ತಿರದಲ್ಲೇ ಇದೆ. ಆತ ಸುಳ್ಳು ಹೇಳುತ್ತಿಲ್ಲ, ತಿಂಗಳು ಹೇಳುತ್ತಿಲ್ಲ ಅಷ್ಟೆ. ಭಾಟಘರ್ ನಿಸರ್ಗ ಮಾಡಿಟ್ಟ ಸರೋವರವಲ್ಲ. ವೇಳವಂಡಿ ನದಿಗೆ ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಅಣೆಕಟ್ಟು ಕಟ್ಟಿದ್ದರು. ಅದು ಸಾಲದೆಂದು ದೊಡ್ಡದನ್ನು ಕಟ್ಟಿ, 1928ರಲ್ಲಿ ತೆರೆದು, ಲಾಯ್ಡ್ ಎಂಬ ಗವರ್ನರನ ಹೆಸರಿಟ್ಟರು. ಈಗ ಅದಕ್ಕೆ ಶಿವಾಜಿಯ ಸರದಾರ ಯೇಸಾಜಿ ಕಂಕನ ಹೆಸರು. ತುಂಬಿದಾಗ ಸುಮಾರು 23.5 ಟಿಎಂಸಿ, ಅಂದರೆ ನಮ್ಮ ಕೆಆರ್‌ಎಸ್‌ನ ಅರ್ಧಕ್ಕಿಂತ ತುಸು ಕಡಿಮೆ. ಮಳೆಗಾಲದ ಕೊನೆಗೆ ನೀರು ಟೆಂಟಿನ ಗೂಟದವರೆಗೂ ಬಂದು ವಿಚಾರಿಸಿಕೊಳ್ಳುತ್ತದೆ. ಆಮೇಲೆ ನೀರಾ ಕಾಲುವೆಗಳ ಹಾದಿ ಹಿಡಿದು ಬಾರಾಮತಿ, ಇಂದಾಪುರ, ಫಲಟಣದ ಹೊಲಗಳಿಗೆ ಹೊರಟುಬಿಡುತ್ತದೆ. ಅಕ್ಟೋಬರಿನಲ್ಲಿ ಕೈಚಾಚಿದರೆ ಸಿಗುತ್ತಿದ್ದ ನೀರು ಮೇ ತಿಂಗಳಲ್ಲಿ ದುರ್ಬೀನಿಗೆ ಸಿಗುತ್ತದೆ. ನಡುವೆ ಉಳಿಯುವುದೇ ಆ ‘ಬೀಚ್’: ಬಿರುಕುಬಿಟ್ಟ ಕೆಸರು, ಕಪ್ಪುಕಲ್ಲು, ಹಿಂದೊಮ್ಮೆ ಯಾರದೋ ಗದ್ದೆಯಾಗಿದ್ದ ಮೆಟ್ಟಿಲು ನೆಲ. ಅರಬ್ಬೀ ಸಮುದ್ರದ ಮರಳು ಸಹ್ಯಾದ್ರಿ ಹತ್ತಿ ಇತ್ತ ಬಂದದ್ದಿಲ್ಲ.

ದೂರ ಹೋದ ನೀರಿಗಾಗಿ ಕನ್ನಡಿಗರು ಜಗಳಕ್ಕೆ ನಿಲ್ಲುವ ಮುನ್ನ ಒಂದು ವಿಷಯ ತಿಳಿದಿರುವುದು ಕ್ಷೇಮ. ಈ ನೀರಾ ಕಾಲುವೆಯ ನೀರನ್ನು ರೈತರಿಗೆ ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ. ಆಗ ಅವರು ಮುಂಬಯಿ ಪ್ರಾಂತದ ನೌಕರಿಯಲ್ಲಿದ್ದರು. ನೀರು ಮಟ್ಟ ಮೀರಿದಾಗ ತಾನಾಗಿ ತೆರೆಯುವ ಬಾಗಿಲುಗಳನ್ನು 1903ರಲ್ಲಿ ಅವರು ಮೊದಲು ಕೂರಿಸಿದ್ದೂ ಪುಣೆ ಪಕ್ಕದ ಖಡಕವಾಸ್ಲಾದಲ್ಲಿ. ಭಾಟಘರಕ್ಕೂ ಸ್ವಯಂಚಾಲಿತ ಬಾಗಿಲುಗಳಿವೆ, 45. ಅವು ತೆರೆಯುವ ಮುಂಚೆ ಕೆಳಗೆ ಯಾರಾದರೂ ಬಾರ್ಬೆಕ್ಯೂ ಹಚ್ಚಿದ್ದಾರೆಯೇ ಎಂದು ನೋಡುವುದಿಲ್ಲ. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿ ‘ಎಷ್ಟು ಚೆಂದ ಸಮತಟ್ಟಾಗಿದೆ’ ಎಂದು ಟೆಂಟು ಹೊಡೆಯುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಅವರು ಕೇಳದಿದ್ದರೆ ಔರಂಗಜೇಬನ ಕತೆ ಹೇಳಬಹುದು. ದಖ್ಖನಿನಲ್ಲಿ ಅವನಷ್ಟು ಕಾಲ ಡೇರೆಯಲ್ಲಿ ಮಲಗಿದ ಶ್ರೀಮಂತ ಇನ್ನೊಬ್ಬನಿರಲಾರ. ಇಪ್ಪತ್ತೈದು ವರ್ಷ ಈ ಕಡೆಯ ಕೋಟೆಗಳನ್ನು ಮುತ್ತುತ್ತಲೇ ಕಳೆದ. 1700ರಲ್ಲಿ ಅವನ ಬಿಡಾರ ಇದ್ದದ್ದು ಮಾಣ್ ನದಿಯ ದಡದ ಖವಾಸಪುರದಲ್ಲಿ, ಈಗಿನ ಸೊಲ್ಲಾಪುರ ಜಿಲ್ಲೆಯಲ್ಲಿ. ಬತ್ತಿದ ನದಿ, ವಿಶಾಲ ಬಯಲು, ನೀರಿಗೆ ಹತ್ತಿರ. ಇಂದಿನ ಜಾಹೀರಾತಿನ ಲೆಕ್ಕದಲ್ಲಿ ಅದೂ ಒಳ್ಳೆಯ ಜಾಗವೇ. ಅಕ್ಟೋಬರ್ ಮೊದಲ ರಾತ್ರಿ ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದು ನದಿ ಒಮ್ಮೆಲೇ ಬಿಡಾರದೊಳಕ್ಕೆ ನುಗ್ಗಿತು. ಗದ್ದಲ ಕೇಳಿದ ಬಾದಶಹನಿಗೆ ಮರಾಠರೇ ಬಂದರೆಂಬ ಗಾಬರಿ. ಎದ್ದು ಓಡುವಾಗ ಎಡವಿ ಬಿದ್ದ, ಬಲಮೊಣಕಾಲು ಕೀಲು ತಪ್ಪಿತು. ಸಾಯುವವರೆಗೂ ಕುಂಟಿದ. ಕುಂಟ ತೈಮೂರನ ವಂಶದವರಿಗೆ ಇದು ಪಿತ್ರಾರ್ಜಿತ ಎಂದು ಹೊಗಳುಭಟರು ಸಮಾಧಾನ ಹೇಳಿದರಂತೆ. ನಮ್ಮ ನಿಮ್ಮ ಮೊಣಕಾಲಿಗೆ ಅಂಥ ಹೊಗಳುಭಟರೂ ಸಿಗುವುದಿಲ್ಲ.

ಅಂತೂ ಭೋರಿನ ಕಡೆ ಜಾಗ ನೋಡುವವರು ಮೊದಲು ನೋಡಬೇಕಾದದ್ದು ನೀರನ್ನಲ್ಲ, ನೆಲವನ್ನು. ಹಿಂದಿನ ಮಳೆಗಾಲದ ನೀರಿನ ಗುರುತು ಕಲ್ಲಿನ ಮೇಲೆ ಬಿಳಿ ಗೆರೆಯಾಗಿ ಉಳಿದಿರುತ್ತದೆ. ಟೆಂಟು ಅದರ ಮೇಲಿರಬೇಕು. ಕತ್ತಲಾದ ಮೇಲೆ ಜಾಗ ಒಪ್ಪಿಕೊಂಡವರು ಇಳಿಜಾರನ್ನು ರಾತ್ರಿ ಎರಡು ಗಂಟೆಗೆ ಕಂಡುಕೊಳ್ಳುತ್ತಾರೆ, ಮನೆಮಂದಿಯೆಲ್ಲ ಒಂದೇ ಮೂಲೆಗೆ ಜಾರಿ ಸೇರಿದಾಗ. ಬಯಲಿನ ಗಾಳಿಗೆ ಅಡ್ಡವಾಗಿ ಒಂದು ಗುಡ್ಡವೋ ಮರದ ಸಾಲೋ ಇರಬೇಕು. ಊಟದಲ್ಲಿ ಪನೀರು ಟಿಕ್ಕಾ ಇದೆ ಎಂದವರಿಗಿಂತ ಪಿಠಲೆ-ಭಾಕರಿ ಮತ್ತು ಇಂದ್ರಾಯಣಿ ಅಕ್ಕಿಯ ಅನ್ನ ಇದೆ ಎಂದವರನ್ನು ನಂಬುವುದು ಮೇಲು. ಅವರು ಆ ಊರಿನವರೇ ಆಗಿರುತ್ತಾರೆ, ನೀರು ಎಲ್ಲಿಯವರೆಗೆ ಏರುತ್ತದೆಂದು ಅವರ ಅಜ್ಜನಿಗೂ ಗೊತ್ತಿರುತ್ತದೆ.

ಬೇಸಿಗೆಯಲ್ಲೇ ಹೋಗಬೇಕೆಂಬ ಹಟವಿದ್ದವರಿಗೂ ಒಂದು ಲಾಭವುಂಟು. ನೀರು ತಳಕ್ಕಿಳಿದಾಗ, ವರ್ಷದ ಬಹುಕಾಲ ಮುಳುಗಿರುವ ಕಾಂಬರೇಶ್ವರ ಗುಡಿ ಹೊರಗೆ ಕಾಣುತ್ತದೆ, ಜನ ನಡೆದೇ ಹೋಗಿ ದರ್ಶನ ಮಾಡುತ್ತಾರೆ. ಇದು ಗೊತ್ತಾದ ಮೇಲೆ ಅಜ್ಜಿಯ ಓಟು ಮೇ ತಿಂಗಳಿಗೇ ಬಿತ್ತು. ಗುಡಿ ನೋಡಿ ಸಂಜೆಗೆ ಮನೆಗೆ ಬರಬಹುದು, ಮಂಚ ಕಾದಿರುತ್ತದೆ.

ಉಳಿದವರು ಅಕ್ಟೋಬರ್ ಕೊನೆಯಿಂದ ಜನವರಿಯೊಳಗೆ ಹೋಗಿಬರಲಿ. ಅಣೆಕಟ್ಟುಗಳಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬುದನ್ನು ಪುಣೆಯ ಮರಾಠಿ ಪತ್ರಿಕೆಗಳು ಆಗಾಗ ಅಚ್ಚು ಹಾಕುತ್ತವೆ. ಮುಂಗಡ ಹಣ ಕಳಿಸುವ ಮುನ್ನ, ಫೋಟೊ ಬದಿಗಿಟ್ಟು ಆ ಅಂಕಿಯನ್ನೊಮ್ಮೆ ಓದಿಕೊಳ್ಳಿ.