ಹಿಮ ಬೀಳುವ ಮುಂಚೆ ಕುಲಾವಿ

ಆಗಸ್ಟ್ ಕೊನೆಯ ವಾರ. ಕೊಲರಾಡೊದ ಬೌಲ್ಡರ್‌ನಲ್ಲಿ ಇನ್ನೂ ಚುರುಕು ಬಿಸಿಲು. ಎಂಎಸ್ ಎರಡನೇ ವರ್ಷಕ್ಕೆ ನೋಟ್‌ಬುಕ್ ಹುಡುಕಲು ಡ್ರಾಯರ್ ಎಳೆದರೆ ಕೈಗೆ ಸಿಕ್ಕಿದ್ದು ಹೋದ ಚಳಿಗಾಲದ ಸ್ಕೀ ಸೀಸನ್ ಪಾಸ್. ಎಟಿಎಂ ಕಾರ್ಡಿನಷ್ಟು ಗಾತ್ರ. ಅದರ ಮೇಲೆ ನನ್ನ ಫೋಟೊ, ತಿಪಟೂರಿನ ಸ್ಟುಡಿಯೊದಲ್ಲಿ ವೀಸಾಕ್ಕೆಂದು ತೆಗೆಸಿದ್ದು. ಅದೇ ಹೊತ್ತಿಗೆ ಫೋನಿಗೊಂದು ಮೆಸೇಜು: ಮುಂದಿನ ಸೀಸನ್ ಪಾಸಿಗೆ ಈ ದರ ಇನ್ನು ಕೆಲವೇ ದಿನ. ಕೊಳ್ಳುವುದೋ ಬಿಡುವುದೋ? ತಲೆಕೆಟ್ಟು ಕಾರ್ಡನ್ನೇ ಕೇಳಿದೆ. ಅದು ಗಂಟಲು ಸರಿಮಾಡಿಕೊಂಡಿತು.

ನಾನು: ಪಾಸರಾಯರೇ, ನಮಸ್ಕಾರ. ಹೇಗಿದ್ದೀರಿ?

ಪಾಸ್: ನಿನ್ನ ಚಟ್ನಿಪುಡಿ ಪೊಟ್ಟಣದ ಕೆಳಗೆ ನಾಲ್ಕು ತಿಂಗಳು ಮಲಗಿದ್ದವನು ಹೇಗಿರಲಿ? ಮೈಯೆಲ್ಲ ಬೆಳ್ಳುಳ್ಳಿ ವಾಸನೆ. ಸದ್ಯ, ಕಸಕ್ಕೆ ಹಾಕಲಿಲ್ಲವಲ್ಲ. ಈ ವರ್ಷವೂ ನಾನೇ ನಡೆಯುತ್ತೇನೆ. ಕಾರ್ಡ್ ಹಳೆಯದೇ, ದುಡ್ಡು ಮಾತ್ರ ಹೊಸದು.

ನಾನು: ಮೊದಲು ನಿಮ್ಮ ಕುಲಗೋತ್ರ ಹೇಳಿ.

ಪಾಸ್: ನಮ್ಮಲ್ಲಿ ದೊಡ್ಡ ಮನೆತನ ಎರಡು. ವೇಲ್ ರೆಸಾರ್ಟ್ಸ್‌ನವರ ಎಪಿಕ್ 2008ರಲ್ಲಿ ಹುಟ್ಟಿತು, ಆಗ ಬೆಲೆ 579 ಡಾಲರ್. ಆಲ್ಟೆರಾದವರ ಐಕಾನ್ ಬಂದದ್ದು 2018ರಲ್ಲಿ. ವೇಲ್, ಬ್ರೆಕೆನ್‌ರಿಜ್, ಕೀಸ್ಟೋನ್ ಮೊದಲನೆಯವರ ಕಡೆ. ವಿಂಟರ್ ಪಾರ್ಕ್, ಕಾಪರ್, ಸ್ಟೀಮ್‌ಬೋಟ್ ಎರಡನೆಯವರ ಪಾಸಿಗೆ ಬಾಗಿಲು ತೆರೆಯುತ್ತವೆ. ಅರಪಾಹೋ ಬೇಸಿನ್ ಎನ್ನುವ ಬೆಟ್ಟ ಮೊದಲು ಎಪಿಕ್ ಜೊತೆಗಿತ್ತು. ಜನಜಂಗುಳಿ, ಪಾರ್ಕಿಂಗ್ ಪರದಾಟ ಸಾಕಾಗಿ 2019ರಲ್ಲಿ ಹೊರಬಂದು ಐಕಾನ್ ಸೇರಿತು. 2024ರಲ್ಲಿ ಆಲ್ಟೆರಾದವರು ಅದನ್ನು ಕೊಂಡೇಬಿಟ್ಟರು. ನಿಮ್ಮ ಕಡೆ ಶಾಸಕರು ಮಾಡುವುದನ್ನು ಇಲ್ಲಿ ಬೆಟ್ಟಗಳು ಮಾಡುತ್ತವೆ.

ನಾನು: ನೀವು ಯಾವ ಪಕ್ಷ?

ಪಾಸ್: ಫೋಟೊ ನಿನ್ನದು, ಪಕ್ಷ ನನ್ನದಾ? ಮುಂದಿನ ಪ್ರಶ್ನೆ ಕೇಳು.

ನಾನು: ನೀವು ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಯಾವ ಲೆಕ್ಕದಲ್ಲಿ?

ಪಾಸ್: 1962ರ ಡಿಸೆಂಬರ್‌ನಲ್ಲಿ ವೇಲ್ ಶುರುವಾದಾಗ ದಿನದ ಟಿಕೆಟ್ 5 ಡಾಲರ್. ಈಗ ಜನ ಮುಗಿಬೀಳುವ ದಿನ ಅಲ್ಲಿನ ಕೌಂಟರ್‌ನಲ್ಲಿ 300 ದಾಟುತ್ತದೆ. ಯಾವ ನಿರ್ಬಂಧವೂ ಇಲ್ಲದ ಪೂರ್ತಿ ಪಾಸು ಸಾವಿರದ ಮೇಲೆ. ನಾಲ್ಕು ದಿನ ಹೋದರೆ ಅಸಲು ಬಂತು, ಐದನೇ ದಿನದಿಂದ ಪುಕ್ಕಟೆ!

ನಾನು: ಆ 300 ಡಾಲರ್ ಯಾರಾದರೂ ಕೊಡುತ್ತಾರಾ?

ಪಾಸ್: ಕೊಡುವವರೂ ಇದ್ದಾರೆ, ಪಾಪ. ಆದರೆ ಅದು ಮುಖ್ಯವಾಗಿ ನೀನು ನೋಡಲಿ ಅಂತ ಹಾಕಿದ ಬೆಲೆ ತಮ್ಮಾ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ 4,999 ಎಂದು ಬರೆದು ಅಡ್ಡಗೀಟು ಎಳೆದಿರುತ್ತಾರಲ್ಲ, ಅದೇ. ಆ ಗೀಟೇ ನಾನು.

ನಾನು: ಮಾರ್ಚ್‌ನಲ್ಲಿ ಹಿಮ ಕರಗುವ ಮುಂಚೆಯೇ ಮುಂದಿನ ವರ್ಷದ ಪಾಸು ಮಾರಲು ಕೂರುತ್ತೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಅಲ್ಲವೇ?

ಪಾಸ್: ಹೌದು, ಕುಲಾವಿ ಮಾರುವುದೇ ನಮ್ಮ ಕಸುಬು. ಕೂಸು ಹುಟ್ಟುತ್ತದೋ ಇಲ್ಲವೋ, ಅದು ನಿನ್ನ ಚಿಂತೆ. ವೇಲ್‌ನವರಿಗೆ ಬೆಟ್ಟ ಹತ್ತಿಸುವ ಲಿಫ್ಟ್‌ಗಳಿಂದ ಸಿಗುವ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸುಗಳಿಂದಲೇ ಬರುತ್ತದೆ. ಮಳೆ ಕೈಕೊಟ್ಟರೆ ಮುಳುಗುವವನು ರೈತ. ಹಿಮ ಕೈಕೊಟ್ಟರೆ ಮುಳುಗುವವನು ಪಾಸು ಕೊಂಡವನು. ಬೆಟ್ಟದ ಯಜಮಾನ ಬಿತ್ತುವ ಮುಂಚೆಯೇ ಫಸಲಿನ ದುಡ್ಡು ಎಣಿಸಿಕೊಂಡಿರುತ್ತಾನೆ.

ನಾನು: ನಾನು ವಿದ್ಯಾರ್ಥಿ. ಊರಿನಲ್ಲಿ ಬಸ್ ಪಾಸಿಗೆ ಕಾಲೇಜಿನ ಸೀಲು ಬಿದ್ದರೆ ವರ್ಷವೆಲ್ಲ ನಿಶ್ಚಿಂತೆ.

ಪಾಸ್: ಇಲ್ಲೂ ರಿಯಾಯಿತಿ ಇದೆ. ಓದುತ್ತಿದ್ದೀಯ ಅನ್ನುವುದಕ್ಕೆ ದಾಖಲೆ ತೋರಿಸಬೇಕು, ಅಷ್ಟೇ. ಇನ್ನೂ ಅಗ್ಗ ಬೇಕೆಂದರೆ ಕೆಲವು ದಿನ ಬಿಟ್ಟುಕೊಡಬೇಕು: ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರುವರಿಯಲ್ಲಿ ಪ್ರೆಸಿಡೆಂಟ್ಸ್ ಡೇ.

ನಾನು: ಅಂದರೆ ನನಗೆ ರಜೆ ಇದ್ದಾಗಲೆಲ್ಲ ನಿಮಗೂ ರಜೆ!

ಪಾಸ್: ಮಂಗಳವಾರ ಬಾ. ಬೆಟ್ಟ ಖಾಲಿ ಇರುತ್ತದೆ.

ನಾನು: ಮಂಗಳವಾರ ಲ್ಯಾಬ್.

ಪಾಸ್: ಅದಕ್ಕೇ ಖಾಲಿ ಇರುತ್ತದೆ.

ನಾನು: ಹೋದ ವರ್ಷ ನಾವಿಬ್ಬರೂ ಹೋದ ಮೊದಲ ದಿನ ನೆನಪಿದೆಯೇ?

ಪಾಸ್: ಮರೆಯುವುದುಂಟೇ? ಬೆಳಗಿನ ಜಾವ ಐದಕ್ಕೆ ಗೆಳೆಯನ ಕಾರು. ಐ-70 ಹೆದ್ದಾರಿಯಲ್ಲಿ, 11,000 ಅಡಿಗೂ ಎತ್ತರದ ಐಸೆನ್‌ಹೋವರ್ ಸುರಂಗದ ತನಕ ಕೆಂಪು ದೀಪಗಳ ಸಾಲು. ಬಾಡಿಗೆ ಬೂಟು ಹಾಕಿಕೊಂಡು ನೀನು ನಡೆದದ್ದು ಮರಗಾಲು ಕಟ್ಟಿಕೊಂಡವನ ಹಾಗಿತ್ತು. ಲಿಫ್ಟ್ ಗೇಟಿನಲ್ಲಿ ಫೋನನ್ನೂ ನನ್ನನ್ನೂ ಒಂದೇ ಜೇಬಿಗೆ ತುರುಕಿದ್ದೆ. ಯಂತ್ರಕ್ಕೆ ನಾನು ಕಾಣಲೇ ಇಲ್ಲ. ಹಿಂದೆ ಐವತ್ತು ಜನ. ಕೊನೆಗೆ ಲಿಫ್ಟ್ ಹುಡುಗನೇ ಬಂದು, ಫೋನ್ ಬಲಗಡೆ, ಪಾಸು ಎಡಗಡೆ ಅಂತ ಸನ್ನೆ ಮಾಡಿದ. ಪೆರು ದೇಶದ ಕಾಲೇಜು ಹುಡುಗ. ಅವನ ಊರಲ್ಲಿ ಆಗ ಬೇಸಿಗೆ ರಜೆ.

ನಾನು: ಅವನಿಗೆ ಪಾಸು ಪುಕ್ಕಟೆಯಂತೆ. ನಾನೂ ಅಲ್ಲೇ ಕೆಲಸಕ್ಕೆ ಸೇರಿದರೆ?

ಪಾಸ್: ನಿನ್ನದು ಎಫ್-1 ವೀಸಾ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲೇ ವಾರಕ್ಕೆ 20 ಗಂಟೆ, ಅಷ್ಟೇ. ಬೆಟ್ಟದ ಮೇಲೆ ದುಡಿಯಲು ಹೋದರೆ ಜಾರುವುದು ಹಿಮದ ಮೇಲಲ್ಲ.

ನಾನು: ಮಧ್ಯಾಹ್ನ ಲಾಡ್ಜಿನ ಬೆಂಚಿನ ಮೇಲೆ ಸ್ಟೀಲ್ ಡಬ್ಬಿ ತೆಗೆದು ಚಿತ್ರಾನ್ನ ತಿಂದೆ. ಅನ್ನ ಮರಗಟ್ಟಿತ್ತು, ಆದರೂ ರುಚಿಯಾಗಿತ್ತು.

ಪಾಸ್: ಇಡೀ ದಿನದಲ್ಲಿ ನೀನು ಮಾಡಿದ ಒಂದೇ ಒಂದು ಲಾಭದ ವ್ಯವಹಾರ ಅದು.

ನಾನು: ಇನ್ನೊಂದು ಲೆಕ್ಕ ಕೇಳಿ. ರಿಯಾಯಿತಿ ಕಳೆದು ನಿಮಗೆ 600 ಡಾಲರ್ ಕೊಟ್ಟೆ. ಹೋದದ್ದು ಮೂರೇ ದಿನ. ದಿನಕ್ಕೆ 200. ಬಾಡಿಗೆ, ಪೆಟ್ರೋಲು ಬೇರೆ.

ಪಾಸ್: ಬಾರದೇ ಇದ್ದ ಕೂಸಿನ ತಪ್ಪಾ, ಕುಲಾವಿಯ ತಪ್ಪಾ?

ನಾನು: ಈಗ ನಿಜ ಹೇಳಿ. ಈ ವರ್ಷ ಕೊಳ್ಳಲೇ?

ಪಾಸ್: (ಸುತ್ತಲೂ ನೋಡಿ, ದನಿ ತಗ್ಗಿಸಿ) ಇದನ್ನು ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ. ಪಾಸಿನ ಹಿಂದೆ ಎಷ್ಟು ಬೆಟ್ಟದ ಹೆಸರಿದೆ ಅಂತ ನೋಡಲೇಬೇಡ. ಜಪಾನ್, ಸ್ವಿಟ್ಜರ್ಲೆಂಡ್ ಎಲ್ಲ ಇರುತ್ತದೆ, ನಿನ್ನ ಹತ್ತಿರ ಕಾರೇ ಇಲ್ಲ. ಕ್ಯಾಲೆಂಡರ್ ತೆಗೆದು ಶನಿವಾರ ಎಣಿಸು. ಐದಕ್ಕಿಂತ ಕಡಿಮೆ ಬಂದರೆ ಸೀಸನ್ ಪಾಸು ಬೇಡ. ಒಂದು ದಿನದಿಂದ ಏಳು ದಿನದವರೆಗೆ ಮುಂಗಡವಾಗಿ ಕೊಳ್ಳುವ ಪಾಸುಗಳಿವೆ, ಕೌಂಟರ್ ಬೆಲೆಗಿಂತ ಎಷ್ಟೋ ಕಡಿಮೆ. ಹತ್ತು ಬಂದರೆ ಬಸ್ಸು ಮುಟ್ಟುವ ಬೆಟ್ಟ ಹಿಡಿ. ಬೌಲ್ಡರ್‌ನಿಂದ ಎಲ್ಡೋರಾಕ್ಕೆ ಚಳಿಗಾಲದಲ್ಲಿ ಸಿಟಿ ಬಸ್ಸೇ ಹೋಗುತ್ತದೆ, ನಿನ್ನ ಕಾಲೇಜು ಫೀಸಿನಲ್ಲೇ ಆ ಬಸ್ಸಿನ ಪಾಸೂ ಸೇರಿದೆ. ಇನ್ನು ಬ್ರೇಕ್ ಹಾಕಲೇ ಬಾರದವನು ಮೊದಲು ಪಾಠ, ಬಾಡಿಗೆ, ಟಿಕೆಟ್ ಮೂರೂ ಸೇರಿದ ಒಂದು ದಿನದ್ದು ಕೊಳ್ಳಲಿ. ಬಿದ್ದು ನೋಡಿ ಆಮೇಲೆ ವರ್ಷದ ಮಾತು.

ಕ್ಯಾಲೆಂಡರ್ ತೆಗೆದೆ. ಜನವರಿ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ ಹನ್ನೆರಡು ಶನಿವಾರ. ಪರೀಕ್ಷೆ, ಪ್ರಾಜೆಕ್ಟಿಗೆ ಮೂರು ಹೋಯಿತು. ಟಿಎ (ಬೋಧನಾ ಸಹಾಯಕ) ಕೆಲಸದ ಉತ್ತರಪತ್ರಿಕೆಗೆ ಎರಡು. ನಿಷೇಧದ ವಾರಾಂತ್ಯಗಳಿಗೆ ಇನ್ನೆರಡು. ಗೆಳೆಯನ ಕಾರು ಅವನ ಗೆಳತಿಯ ಪಾಲಾಗುವ ಶನಿವಾರ ಒಂದು. ಉಳಿದದ್ದು ನಾಲ್ಕು.

ನಾಲ್ಕು ದಿನದ್ದೇ ಕೊಂಡೆ. ಹೊಸ ಕಾರ್ಡೇನೂ ಬರಲಿಲ್ಲ. ಆ ನಾಲ್ಕು ದಿನವನ್ನೂ ಪಾಸರಾಯರ ಬೆನ್ನಿಗೇ ಹೊರಿಸಿದರು.