ಗ್ವಾಡಿ ಅಡ್ಡ ಬಂತು

(ಹುನಗುಂದ. ಹೊಸ ಅಪಾರ್ಟ್‌ಮೆಂಟು. ಟೇಪು ಹಿಡಿದ ನೇಕಾರ ಕಾಕಾ, ಬಿಳಿ ಶರ್ಟಿನ ಬಿಲ್ಡರ್.)

ಕಾಕಾ: ಸಾವ್ಕಾರ್ರ, 1200 ಚದರಡಿ ಅಂದಿದ್ರಿ. ಅಳದ್ರ 900ಕ್ಕ ಗ್ವಾಡಿ ಅಡ್ಡ ಬಂತಲ್ರಿ!

ಬಿಲ್ಡರ್: ಅದು ಕಾರ್ಪೆಟ್ ಏರಿಯಾ ಕಾಕಾ. 1200 ಅಂದ್ರ ಸೂಪರ್ ಬಿಲ್ಟ್‌ಅಪ್.

ಕಾಕಾ: ಉಳದ 300 ಎಲ್ಲಿ ಹೋತು?

ಬಿಲ್ಡರ್: ಮೆಟ್ಲ, ಲಿಫ್ಟು, ಹೊರಗಿನ ಗ್ವಾಡಿ… ಎಲ್ಲಾರಿಗೂ ಸೇರಿದ್ದು.

ಕಾಕಾ: ಛೇ! ಇಲಕಲ್ಲ ಸೀರಿಗೆ ಮಗ್ಗದ ಉದ್ದಾನೂ ಸೇರ್ಸಿ ರೇಟ್ ಹಚ್ಚಬೌದಿತ್ತು, ತಿಳೀಲೇ ಇಲ್ಲ ನೋಡ್ರಿ. ಅಲ್ರಿ, 2016ರ ರೇರಾ ಕಾಯ್ದೆದಾಗ ಕಾರ್ಪೆಟ್ ಲೆಕ್ಕಾನ ಹೇಳಬೇಕಂತಲ್ಲ? ಮಗಳು ಓದಿ ಹೇಳ್ಯಾಳ.

ಬಿಲ್ಡರ್: ಎಂಟು ಫ್ಲ್ಯಾಟ್ ದಾಟಿದ್ರ ರೇರಾ. ನಮ್ಮವು ಬರೋಬ್ಬರಿ ಎಂಟು!

ಕಾಕಾ: ಆಚಿ ಬೋರ್ಡಿನ್ಯಾಗ ‘ಎರಡನೇ ಹಂತ, ಎಂಟು ಫ್ಲ್ಯಾಟು’ ಅಂತೈತಿ. ಎಂಟೆರಡ್ಲೆನೂ ಎಂಟೇನ್ರಿ?

ಬಿಲ್ಡರ್: (ಬೆವರು ಒರೆಸಿ) ನೆಲಕ್ಕ ಇಟಲಿ ಕಲ್ಲು ಹಾಕ್ಸೀನಿ ನೋಡ್ರಿ!

ಕಾಕಾ: ಭೇಷ್. ಇಲಕಲ್ಲ ಕೆಂಪು ಕಲ್ಲು ಹಡಗು ಹತ್ತಿ ಹೊಂಟೈತಿ, ಇಟಲಿದು ಇಲ್ಲಿ ಇಳದೈತಿ. ಪಾಪ, ದಾರ್ಯಾಗ ಭೆಟ್ಟಿ ಆಗಿರಬೇಕು. ಆತು, ರೇಟ್ ಹೇಳ್ರಿ.

ಬಿಲ್ಡರ್: 32 ಲಕ್ಷ. ಒಂದು ಪೈಸಾ ಇಳಿಯಂಗಿಲ್ಲ.

ಕಾಕಾ: ಒಪ್ಪಿದೆ, 32 ಅಂತ ಬರಕೊಳ್ರಿ. ತಗೋರಿ 24.

ಬಿಲ್ಡರ್: ಉಳದ ಎಂಟು?

ಕಾಕಾ: ಅದು ಬ್ಯಾಂಕಿನ ಮೆಟ್ಲ, ಲಿಫ್ಟು, ಹೊರಗಿನ ಗ್ವಾಡಿ. ಎಲ್ಲಾರಿಗೂ ಸೇರಿದ್ದು!